ಕಾಯಿಸುವ ಭಯ, ಹುಡುಕಿಸುವ ಭಯ

2018ರ ಜೂನ್‌ನಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂದ ‘ಹೆರೆಡಿಟರಿ’ಯನ್ನು ವಿಮರ್ಶಕರು ಮನಸಾರೆ ಮೆಚ್ಚಿಕೊಂಡರು. ಮೊದಲ ರಾತ್ರಿಯೇ ದುಡ್ಡು ಕೊಟ್ಟು ನೋಡಿದವರು ಹೊರಬರುತ್ತ ಅದಕ್ಕೆ ಕೊಟ್ಟ ದರ್ಜೆ ಮಾತ್ರ ‘ಡಿ ಪ್ಲಸ್’. ಪ್ರೇಕ್ಷಕರ ಕೈಗೆ ಚೀಟಿ ಕೊಟ್ಟು ‘ಎ ಪ್ಲಸ್’ನಿಂದ ‘ಎಫ್’ವರೆಗಿನ ದರ್ಜೆ ಕೇಳುವ ಕೆಲಸವನ್ನು ಸಿನಿಮಾಸ್ಕೋರ್ ಎಂಬ ಸಂಸ್ಥೆ 1979ರಿಂದ ಮಾಡುತ್ತ ಬಂದಿದೆ. ಅದರ ಪಟ್ಟಿಯಲ್ಲಿ 2016ರಲ್ಲಿ ಬಿಡುಗಡೆಯಾದ ‘ದಿ ವಿಚ್’ಗೆ ‘ಸಿ ಮೈನಸ್’, 2017ರ ‘ಇಟ್ ಕಮ್ಸ್ ಅಟ್ ನೈಟ್’ಗೆ ‘ಡಿ’. ಮೂರನ್ನೂ ಹಂಚಿದ್ದು ಎ24 ಎಂಬ ಒಂದೇ ಸಂಸ್ಥೆ. ಮೂರೂ ಸಾವಕಾಶವಾಗಿ ಭಯ ಕಟ್ಟುವ ಚಿತ್ರಗಳು. ಬೆಚ್ಚಿಸುವ ಲೆಕ್ಕದಲ್ಲಿ ಉದಾರವಾಗಿದ್ದ 2013ರ ‘ದಿ ಕಾಂಜ್ಯೂರಿಂಗ್’ಗೆ ಅದೇ ಪ್ರೇಕ್ಷಕ ಸಮುದಾಯ ‘ಎ ಮೈನಸ್’ ಕೊಟ್ಟಿತ್ತು.

ಜನಕ್ಕೆ ರುಚಿಯಿಲ್ಲ ಎಂಬುದು ವಿಮರ್ಶಕರ ಕಡೆಯ ಸುಲಭದ ಉತ್ತರ. ಎರಡು ತಾಸು ಏನೂ ನಡೆಯುವುದಿಲ್ಲ, ಇದೆಲ್ಲ ಬುದ್ಧಿವಂತರ ಬಡಿವಾರ ಎಂಬುದು ಪ್ರೇಕ್ಷಕರ ಕಡೆಯದು. ಎರಡನ್ನೂ ನಾನು ಒಪ್ಪುವುದಿಲ್ಲ. ನಿಧಾನದ ಭಯಕ್ಕೆ ಸಿನಿಮಾದಲ್ಲಿ ಎಂಬತ್ತು ವರ್ಷ ದಾಟಿದ ಪರಂಪರೆಯಿದೆ. ಅದರ ಒಳ್ಳೆಯ ಚಿತ್ರಗಳು ಪ್ರೇಕ್ಷಕನನ್ನು ಕಾಯಿಸಿದ್ದಕ್ಕಿಂತ ಹೆಚ್ಚಾಗಿ ಹುಡುಕಿಸಿವೆ. ಕತ್ತಲ ಮೂಲೆಯಲ್ಲಿ, ಬಾಗಿಲಿನಾಚೆ, ಎದುರಿನ ಮುಖದ ಒಂದು ಗೆರೆಯಲ್ಲಿ ಏನೋ ಇದೆ ಎಂದು ಕಣ್ಣಿಗೂ ಕಿವಿಗೂ ಕೆಲಸ ಹಚ್ಚಿವೆ. ಸೋತ ಚಿತ್ರಗಳು ಬರಿಯ ತಾಳ್ಮೆಯನ್ನು ಬೇಡಿವೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಜನರ ಸಿಟ್ಟಿನೊಳಗೂ ಗಟ್ಟಿಯಾದ ವಿಮರ್ಶೆ ಸಿಗುತ್ತದೆ.

ವ್ಯಾಲ್ ಲ್ಯೂಟನ್ 1942ರಲ್ಲಿ ಹಾಲಿವುಡ್‌ನ ಆರ್‌ಕೆಒ ಸ್ಟುಡಿಯೊದಲ್ಲಿ ಅಗ್ಗದ ಭಯಾನಕ ಚಿತ್ರಗಳ ವಿಭಾಗದ ಹೊಣೆ ಹೊತ್ತರು. ಸ್ಟುಡಿಯೊದ ಷರತ್ತುಗಳು ಬಿಗಿಯಾಗಿದ್ದವು: ಒಂದು ಚಿತ್ರಕ್ಕೆ ಒಂದೂವರೆ ಲಕ್ಷ ಡಾಲರಿಗಿಂತ ಹೆಚ್ಚು ಖರ್ಚಾಗಬಾರದು, ಅವಧಿ 75 ನಿಮಿಷ ಮೀರಬಾರದು, ಶೀರ್ಷಿಕೆಯನ್ನು ಸ್ಟುಡಿಯೊದವರೇ ಕೊಡುತ್ತಾರೆ. ಹಾಗೆ ಕೈಗೆ ಬಂದ ಮೊದಲ ಶೀರ್ಷಿಕೆ ‘ಕ್ಯಾಟ್ ಪೀಪಲ್’. ನಿರ್ದೇಶಕ ಜಾಕ್ ತುರ್ನರ್ ಜೊತೆ ಸೇರಿ ಅವರು ಮಾಡಿದ ಈ ಚಿತ್ರದಲ್ಲಿ ಒಂದು ರಾತ್ರಿಯ ನಡಿಗೆಯಿದೆ. ಸೆಂಟ್ರಲ್ ಪಾರ್ಕಿನ ಗೋಡೆಯ ಪಕ್ಕ ಆಲಿಸ್ ಒಬ್ಬಳೇ ಹೋಗುತ್ತಿದ್ದಾಳೆ. ಹಿಂದೆ, ಚಿರತೆಯಾಗಿ ಬದಲಾಗುವಳೆಂಬ ಶಂಕೆಯಿರುವ ಇನ್ನೊಬ್ಬಳ ಹಿಮ್ಮಡಿಯ ಸದ್ದು. ಬೀದಿದೀಪಗಳ ಬೆಳಕು, ನಡುನಡುವೆ ಕತ್ತಲು. ಒಂದು ಗಳಿಗೆಯಲ್ಲಿ ಹಿಂದಿನ ಹೆಜ್ಜೆ ಸದ್ದು ನಿಂತುಬಿಡುತ್ತದೆ. ಆಲಿಸ್ ತಿರುಗಿ ನೋಡುತ್ತಾಳೆ. ಯಾರೂ ಇಲ್ಲ. ಓಡತೊಡಗುತ್ತಾಳೆ. ಕಾಡುಪ್ರಾಣಿಯೊಂದು ಸೀಳಿಕೊಂಡು ಬಂದಂಥ ಸದ್ದಿನೊಡನೆ ಚೌಕಟ್ಟಿನೊಳಗೆ ನುಗ್ಗುವುದು ಒಂದು ಬಸ್ಸು. ನಾವು ಕೇಳಿದ್ದು ಅದರ ಬ್ರೇಕನ್ನು.

ಹೀಗೆ ಬೆಚ್ಚಿಸುವ ವಿಧಾನಕ್ಕೆ ಮುಂದೆ ‘ಬಸ್’ ಎಂದೇ ಹೆಸರು ನಿಂತಿತು. ಇವತ್ತಿನ ದೆವ್ವದ ಚಿತ್ರಗಳಲ್ಲಿ ಬೀರುವಿನಿಂದ ಬೆಕ್ಕು ಹಾರುವುದು, ಗೆಳೆಯ ಹಿಂದಿನಿಂದ ಹೆಗಲ ಮೇಲೆ ಕೈಯಿಡುವುದು, ಎಲ್ಲವೂ ಅದರ ಸಂತಾನವೇ. ಆ ಸಂತಾನಕ್ಕೆ ಬಸ್ಸು ಬಂತು, ಅದಕ್ಕೆ ಮುಂಚಿನ ನಿಶ್ಶಬ್ದ ಬರಲಿಲ್ಲ. ‘ಕ್ಯಾಟ್ ಪೀಪಲ್’ನಲ್ಲಿ ಹೆದರಿಕೆ ಹುಟ್ಟುವುದು ಹೆಜ್ಜೆ ನಿಂತ ಹೊತ್ತಿನಲ್ಲಿ. ಎಲ್ಲಿ ನಿಂತಳು, ಯಾಕೆ ನಿಂತಳು, ಈಗ ಅವಳ ಕಾಲಿನಲ್ಲಿ ಚಪ್ಪಲಿಯಿದೆಯೋ ಉಗುರಿದೆಯೋ ಎಂದು ನಾವು ಕಿವಿಯಿಂದಲೇ ಹುಡುಕತೊಡಗುತ್ತೇವೆ. ಸ್ಟುಡಿಯೊದವರ ಒತ್ತಾಯಕ್ಕೆ ಕರಿಚಿರತೆಯನ್ನು ತೋರಿಸಬೇಕಾಗಿ ಬಂದಾಗಲೂ ತುರ್ನರ್ ಅದನ್ನು ನೆರಳಿನೊಳಗೇ ಇಟ್ಟರು. ಚಿತ್ರದ ಒಟ್ಟು ಅವಧಿ 73 ನಿಮಿಷ. ಮರುವರ್ಷ ಅದೇ ಜೋಡಿ ಮಾಡಿದ ‘ಐ ವಾಕ್ಡ್ ವಿತ್ ಎ ಜಾಂಬಿ’ ಅದಕ್ಕಿಂತಲೂ ಚಿಕ್ಕದು. ನಿಧಾನವೆಂದರೆ ಉದ್ದ ಎಂದು ತಿಳಿದವರು ಈ ಅಂಕಿಯನ್ನು ಗಮನಿಸಬೇಕು.

ಲ್ಯೂಟನ್ ಬಳಿ ನಿರ್ದೇಶನ ಕಲಿತ ರಾಬರ್ಟ್ ವೈಸ್ 1963ರಲ್ಲಿ ಶರ್ಲಿ ಜಾಕ್ಸನ್ ಅವರ ಕಾದಂಬರಿಯನ್ನು ‘ದಿ ಹಾಂಟಿಂಗ್’ ಎಂದು ಚಿತ್ರವಾಗಿಸಿದರು. ‘ವೆಸ್ಟ್ ಸೈಡ್ ಸ್ಟೋರಿ’ ಮತ್ತು ‘ದಿ ಸೌಂಡ್ ಆಫ್ ಮ್ಯೂಸಿಕ್’ ಎಂಬ ಎರಡು ದೊಡ್ಡ ಸಂಗೀತ ಚಿತ್ರಗಳ ನಡುವೆ ಬಂದ ಕಪ್ಪು-ಬಿಳುಪು ಚಿತ್ರವಿದು. ಇಡೀ ಚಿತ್ರದಲ್ಲಿ ದೆವ್ವ ಒಮ್ಮೆಯೂ ಕಾಣುವುದಿಲ್ಲ. ಕತ್ತಲ ಕೋಣೆಯಲ್ಲಿ ಎಲಿನರ್ ಹೆದರಿ ಗೆಳತಿಯ ಕೈ ಹಿಡಿದುಕೊಂಡಿದ್ದಾಳೆ. ಹಿಡಿತ ಬಿಗಿಯಾಗುತ್ತದೆ, ನೋಯುತ್ತದೆ. ದೀಪ ಹತ್ತಿದಾಗ ಗೆಳತಿ ಕೋಣೆಯ ಇನ್ನೊಂದು ಕಡೆ ಇದ್ದಾಳೆ. ಹಾಗಾದರೆ ಇಷ್ಟು ಹೊತ್ತು ಕೈ ಹಿಡಿದವರು ಯಾರು? ಚಿತ್ರ ಉತ್ತರ ಕೊಡುವುದಿಲ್ಲ, ಮುಂದೆ ಹೋಗುತ್ತದೆ. ಮರದ ಬಾಗಿಲು ಆಚೆಯ ಒತ್ತಡಕ್ಕೆ ಉಬ್ಬಿ ಒಳಬರುವ ದೃಶ್ಯವನ್ನು ಒಮ್ಮೆ ಕಂಡವರು ಮರೆಯಲಾರರು. 1999ರಲ್ಲಿ ಇದನ್ನೇ ಮತ್ತೆ ಮಾಡಿದಾಗ ಕಂಪ್ಯೂಟರ್ ಚಿತ್ರಿಕೆಗಳಿಂದ ದೆವ್ವವನ್ನೂ ಮನೆಯನ್ನೂ ಪೂರ್ತಿ ಬಿಚ್ಚಿಟ್ಟರು. ತಂತ್ರಜ್ಞಾನ ಮೂವತ್ತಾರು ವರ್ಷ ಮುಂದೆ ಹೋಗಿತ್ತು, ಭಯ ಅಲ್ಲಿ ಉಳಿದಿರಲಿಲ್ಲ. ಪ್ರೇಕ್ಷಕನಿಗೆ ಹುಡುಕಲು ಏನನ್ನೂ ಬಿಡದ ಚಿತ್ರ ಅದು.

ಜಪಾನಿನ ಕಿಯೊಶಿ ಕುರೊಸಾವಾ ಅವರ ‘ಕೈರೊ’ (2001) ಈ ಪರಂಪರೆಯ ತುದಿ ಎಂದು ನನ್ನ ಎಣಿಕೆ. ಕೆಂಪು ಟೇಪು ಅಂಟಿಸಿ ಮುಚ್ಚಿದ ಕೋಣೆಯೊಳಗೆ ಒಬ್ಬ ಯುವಕ ಕಾಲಿಡುತ್ತಾನೆ. ದೂರದ ಗೋಡೆಯ ಬಳಿಯಿಂದ ಒಂದು ಹೆಂಗಸಿನ ಆಕೃತಿ ಅವನತ್ತ ನಡೆದು ಬರುತ್ತದೆ. ಅದು ಓಡುವುದಿಲ್ಲ, ಕಿರುಚುವುದಿಲ್ಲ. ನಡುವೆ ಒಮ್ಮೆ ಕಾಲು ತಪ್ಪಿದಂತೆ ಮೈ ಕುಸಿದು, ನಿಧಾನವಾಗಿ ಮತ್ತೆ ನೆಟ್ಟಗಾಗುತ್ತದೆ. ಅಷ್ಟೇ. ಮನುಷ್ಯನ ನಡಿಗೆ ಹೇಗಿರುತ್ತದೆಂದು ನಮ್ಮ ದೇಹಕ್ಕೆ ಗೊತ್ತು. ಆ ಗೊತ್ತಿರುವಿಕೆಗೆ ಒಂದು ಕ್ಷಣ ಪೆಟ್ಟು ಬೀಳುತ್ತದೆ. ಈ ಚಿತ್ರದಲ್ಲಿ ದೆವ್ವಗಳು ಕೊಲ್ಲುವುದಕ್ಕಿಂತ ಮಿಗಿಲಾಗಿ ಒಂಟಿತನವನ್ನು ಹರಡುತ್ತವೆ. ಊರು ಮೆಲ್ಲಗೆ ಖಾಲಿಯಾಗುತ್ತದೆ. ಹಾಗಾಗಿ ಇಲ್ಲಿನ ನಿಧಾನ ಶೈಲಿಗಾಗಿ ಬಂದದ್ದಲ್ಲ, ಕಥೆಯೇ ಅಂಥದ್ದು. ಅಮೆರಿಕದವರು 2006ರಲ್ಲಿ ‘ಪಲ್ಸ್’ ಎಂದು ಮರುನಿರ್ಮಿಸಿದಾಗ ಮೊದಲು ಕತ್ತರಿಸಿ ಎಸೆದದ್ದು ಈ ನಿಧಾನವನ್ನೇ.

ಈಗ ‘ಹೆರೆಡಿಟರಿ’. ಆರಿ ಆಸ್ಟರ್ ಅವರ ಈ ಮೊದಲ ಕಥಾಚಿತ್ರದಲ್ಲಿ ರಾತ್ರಿ ಹಾಸಿಗೆಯಲ್ಲಿ ಎಚ್ಚರಗೊಂಡು ಕೂತ ಹುಡುಗ ಪೀಟರ್ ಇದ್ದಾನೆ. ಕೋಣೆ ಕತ್ತಲು. ಕ್ಯಾಮೆರಾ ಸುಮ್ಮನಿದೆ, ‘ನೋಡಿ’ ಎಂದು ಎಚ್ಚರಿಸುವ ಸಂಗೀತದ ಹೊಡೆತವಿಲ್ಲ. ಅವನ ಹಿಂದೆ, ಮೇಲೆ, ಗೋಡೆಯ ಮೂಲೆಗೆ ಅವನ ತಾಯಿ ಹಲ್ಲಿಯ ಹಾಗೆ ಅಂಟಿಕೊಂಡಿದ್ದಾಳೆ. ಇದು ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಕಾಣುವುದಿಲ್ಲ. ತುಂಬಿದ ಚಿತ್ರಮಂದಿರದಲ್ಲಿ ಒಂದು ಸಾಲಿನಲ್ಲಿ ಯಾರೋ ಉಸಿರೆಳೆಯುತ್ತಾರೆ, ತುಸು ಹೊತ್ತಿಗೆ ಇನ್ನೊಂದು ಕಡೆ ಇನ್ನೊಬ್ಬರು. ಇನ್ನೂ ಕಾಣದವರು ಪಕ್ಕದವರ ಉಸಿರು ಕೇಳಿ ತೆರೆಯನ್ನು ತಡಕಾಡುತ್ತಾರೆ. ಬೆಚ್ಚಿಸುವ ಚಿತ್ರ ಇಡೀ ಸಭಾಂಗಣವನ್ನು ಒಟ್ಟಿಗೆ ಕುಲುಕುತ್ತದೆ. ಇಲ್ಲಿ ಪ್ರತಿಯೊಬ್ಬರ ಭಯವೂ ಅವರವರೇ ಕಂಡುಹಿಡಿದದ್ದು. ಲ್ಯೂಟನ್ ಕಿವಿಗೆ ಕೊಟ್ಟ ಕೆಲಸವನ್ನು ಆಸ್ಟರ್ ಕಣ್ಣಿಗೆ ಕೊಟ್ಟಿದ್ದಾರೆ.

ಇಂಥ ದೃಶ್ಯ ಕಂಡವರೂ ‘ಡಿ ಪ್ಲಸ್’ ಕೊಟ್ಟದ್ದೇಕೆ? ಒಂದು ಕಾರಣ ದುಃಖ. ತಂಗಿಯ ಸಾವಿಗೆ ಕಾರಣನಾದ ಪೀಟರ್ ಮನೆಗೆ ಬಂದು ಮಾತಿಲ್ಲದೆ ಮಲಗುತ್ತಾನೆ. ಬೆಳಗ್ಗೆ ತಾಯಿಯ ಚೀತ್ಕಾರ ಹೊರಗಿನಿಂದ ಕೇಳುವಾಗ ಕ್ಯಾಮೆರಾ ಅವನ ಮುಖವನ್ನು ಬಿಟ್ಟು ಕದಲುವುದಿಲ್ಲ. ಅಲ್ಲಿಂದ ಮುಂದಿನದು ಸಾವಿನ ಮನೆಯ ಕಥೆ. ಶುಕ್ರವಾರ ರಾತ್ರಿ ಗೆಳೆಯರ ಜೊತೆ ಹೆದರಿ ನಗೋಣವೆಂದು ಬಂದವರನ್ನು ತಾಯಿಯ ಪಾತ್ರದ ಟೋನಿ ಕೋಲೆಟ್‌ ಅವರ ಊಟದ ಮೇಜಿನ ರೋಷದ ಮುಂದೆ ಕೂರಿಸಿದರೆ ಅವರಿಗೆ ಮೋಸವಾಯಿತೆನ್ನಿಸುವುದು ಸಹಜ. ದರ್ಜೆ ಅಳೆದದ್ದು ಚಿತ್ರದ ಗುಣವನ್ನಲ್ಲ, ಚಿತ್ರ ಬಿಟ್ಟುಹೋದ ಮನಃಸ್ಥಿತಿಯನ್ನು. ಸುಮಾರು 1 ಕೋಟಿ ಡಾಲರಿನಲ್ಲಿ ತಯಾರಾದ ಇದು ಜಗತ್ತಿನಾದ್ಯಂತ ಸುಮಾರು 8 ಕೋಟಿ ಡಾಲರು ಗಳಿಸಿತು. ಹಿಡಿಸಲಿಲ್ಲ ಎಂದವರು ಅದರ ಬಗ್ಗೆ ಮಾತಾಡುವುದನ್ನು ನಿಲ್ಲಿಸಲಿಲ್ಲ ಎಂದೇ ಇದರರ್ಥ.

ಇನ್ನೊಂದು ಕಾರಣ ಮಾರಾಟದ್ದು. ಇಲ್ಲಿ ಜನರ ಸಿಟ್ಟು ಪೂರ್ತಿ ನ್ಯಾಯ. ‘ಇಟ್ ಕಮ್ಸ್ ಅಟ್ ನೈಟ್’ನ ಶೀರ್ಷಿಕೆಯೂ ಟ್ರೈಲರೂ ರಾತ್ರಿ ಏನೋ ಬರುತ್ತದೆ ಎನ್ನುತ್ತವೆ. ಚಿತ್ರದಲ್ಲಿ ಯಾವ ಜೀವಿಯೂ ಬರುವುದಿಲ್ಲ; ಸೋಂಕಿಗೆ ಹೆದರಿದ ಎರಡು ಕುಟುಂಬಗಳು ಒಬ್ಬರನ್ನೊಬ್ಬರು ಶಂಕಿಸಿ ನಾಶವಾಗುತ್ತವೆ. ಒಳ್ಳೆಯ ಚಿತ್ರವೇ. ಆದರೆ ಇಲ್ಲದ್ದನ್ನು ಹುಡುಕುವಂತೆ ಪ್ರೇಕ್ಷಕನನ್ನು ಹೊರಗಿನಿಂದಲೇ ದಾರಿ ತಪ್ಪಿಸಿ ಒಳಗೆ ಕಳುಹಿಸಿದರೆ, ಕಣ್ಣು ಬೇಡದ ಕಡೆ ದಣಿಯುತ್ತದೆ. ‘ದಿ ವಿಚ್’ನ ವಿಷಯ ಬೇರೆ. ರಾಬರ್ಟ್ ಎಗರ್ಸ್ ಮಾಟಗಾತಿ ಇದ್ದಾಳೆಂಬುದನ್ನು ಆರಂಭದಲ್ಲೇ ತೋರಿಸಿಬಿಡುತ್ತಾರೆ. ಕಾಡಂಚಿನ ಆ 1630ರ ದಶಕದ ಕುಟುಂಬದಲ್ಲಿ ಯಾರು ಯಾರನ್ನು ಮೊದಲು ಬಿಟ್ಟುಕೊಡುತ್ತಾರೆ ಎಂಬುದೇ ಹುಡುಕಾಟ. ಅದಕ್ಕೆ ಮಾತು ಸ್ಪಷ್ಟವಾಗಿ ಕಿವಿಗೆ ಬೀಳಬೇಕು. ಹದಿನೇಳನೆಯ ಶತಮಾನದ ದಾಖಲೆಗಳಿಂದ ಆಯ್ದು ಹೆಣೆದ ಇಂಗ್ಲಿಷ್ ಸಂಭಾಷಣೆ ಅಮೆರಿಕನ್ನರಿಗೇ ಅರ್ಧ ಅರ್ಥವಾಗದೆ ಹೋಯಿತು. ಅಡಿಬರಹ ಓದುತ್ತ ನೋಡುವ ನಮ್ಮಂಥವರಿಗೆ ಚಿತ್ರ ಹೆಚ್ಚು ತೆರೆದುಕೊಂಡಿತೇನೋ.

ಈ ಪಂಥದ ಮೇಲೆ ನನ್ನ ದೊಡ್ಡ ತಕರಾರು ಕೊನೆಯ ಬಗ್ಗೆ. ಎರಡು ತಾಸು ಹುಡುಕಿಸಿದ ‘ಹೆರೆಡಿಟರಿ’ ಕೊನೆಯ ದೃಶ್ಯದಲ್ಲಿ ಒಬ್ಬಳ ಬಾಯಿಂದ ದೆವ್ವದ ಹೆಸರು, ಪದವಿ, ಉದ್ದೇಶ ಎಲ್ಲವನ್ನೂ ಹೇಳಿಸುತ್ತದೆ. ತಾಯಿಯ ಹುಚ್ಚೋ ಮನೆತನದ ಶಾಪವೋ ಎಂದು ನಾವು ಎದೆಯಲ್ಲಿ ಹೊತ್ತಿದ್ದ ಪ್ರಶ್ನೆ ಒಂದು ಪಂಥದ ಸಂಚಾಗಿ ಕಿರಿದಾಗುತ್ತದೆ. ಅಲ್ಲಿ ನಕ್ಕ ಪ್ರೇಕ್ಷಕರನ್ನು ನಾನು ದೂರಲಾರೆ. ಜಾಕ್ ಕ್ಲೇಟನ್ ಅವರ ‘ದಿ ಇನ್ನೊಸೆಂಟ್ಸ್’ (1961) ಇದಕ್ಕೆ ಉತ್ತರದಂತಿದೆ. ಹಾಡಹಗಲು, ಕೊಳದಾಚೆಯ ಜೊಂಡಿನ ನಡುವೆ ಕಪ್ಪು ಉಡುಪಿನ ಹೆಂಗಸು ನಿಂತಿರುತ್ತಾಳೆ. ಅವಳು ನಿಜವೋ, ಮಕ್ಕಳನ್ನು ನೋಡಿಕೊಳ್ಳಲು ಬಂದ ಶಿಕ್ಷಕಿಯ ಮನಸ್ಸಿನ ಸೃಷ್ಟಿಯೋ ಎಂಬುದು ಚಿತ್ರ ಮುಗಿದ ಮೇಲೂ ನಮ್ಮ ಪಾಲಿಗೇ ಉಳಿಯುತ್ತದೆ.

ಎರಡನೆಯ ತಕರಾರು, ನಿಧಾನವೇ ಒಂದು ಅಂತಸ್ತಿನ ಗುರುತಾದದ್ದು. ಬರಿಯ ಗೋಡೆ, ಉದ್ದನೆಯ ಮೌನ, ಗಂಭೀರ ಮುಖಗಳು ಇದ್ದರೆ ಉನ್ನತ ಭಯಾನಕ ಚಿತ್ರವೆಂಬ ಭ್ರಮೆ ಕಳೆದ ಹತ್ತು ವರ್ಷಗಳಲ್ಲಿ ಬೆಳೆದಿದೆ. ಕೆನಡಾದ ಕೈಲ್ ಎಡ್ವರ್ಡ್ ಬಾಲ್ 15,000 ಡಾಲರಿನಲ್ಲಿ ತಮ್ಮ ಬಾಲ್ಯದ ಮನೆಯಲ್ಲೇ ಚಿತ್ರೀಕರಿಸಿದ ‘ಸ್ಕಿನಮರಿಂಕ್’ ಈ ವಿಷಯದಲ್ಲಿ ಕುತೂಹಲದ ಪ್ರಸಂಗ. ಚಾವಣಿ, ರತ್ನಗಂಬಳಿ, ಬಾಗಿಲ ಚೌಕಟ್ಟು, ಕತ್ತಲಲ್ಲಿ ಕುದಿಯುವ ಚುಕ್ಕಿಗಳು. ಮಕ್ಕಳ ಮುಖ ಕೂಡ ಸರಿಯಾಗಿ ಕಾಣದು. ಕೆಲವರು ಜೀವಮಾನದಲ್ಲೇ ಇಷ್ಟು ಹೆದರಿಲ್ಲ ಎಂದರು, ಕೆಲವರು ಎದ್ದು ಹೊರಟರು. ಇಬ್ಬರೂ ಸರಿ. ಚುಕ್ಕಿಗಳ ನಡುವೆ ಮುಖ ಹುಡುಕುವ ಕೆಲಸ ಮೊದಲ ಅರ್ಧ ತಾಸು ಮೈ ಜುಮ್ಮೆನ್ನಿಸುತ್ತದೆ. ಆಮೇಲೆ ಹುಡುಕಾಟಕ್ಕೆ ಹೊಸತೇನೂ ಸೇರುವುದಿಲ್ಲ, ಕಾಯುವುದಷ್ಟೇ ಉಳಿಯುತ್ತದೆ.

ಪ್ರೇಕ್ಷಕರ ತೀರ್ಪು ಕಾಲ ಕಳೆದಂತೆ ಬದಲಾಗುತ್ತದೆಂಬುದೂ ನಿಜ. ಸ್ಟ್ಯಾನ್ಲಿ ಕುಬ್ರಿಕ್‌ರ ‘ದಿ ಶೈನಿಂಗ್’ 1980ರಲ್ಲಿ ಬಂದಾಗ ಅವರಿಗೆ ಅತ್ಯಂತ ಕೆಟ್ಟ ನಿರ್ದೇಶಕನೆಂದು ರಾಜ್ಜಿ ಎಂಬ ಅಣಕ ಪ್ರಶಸ್ತಿಯ ನಾಮನಿರ್ದೇಶನ ಸಿಕ್ಕಿತ್ತು. ಬಿಡುಗಡೆಯ ನಂತರ ಅವರು ಕೊನೆಯ ಆಸ್ಪತ್ರೆಯ ದೃಶ್ಯವೊಂದನ್ನೇ ಕಿತ್ತುಹಾಕಿದರು. ವಿವರಣೆ ಕಡಿಮೆಯಾಯಿತು, ಜನ ಹುಡುಕುತ್ತಲೇ ಹೋದರು. ಆ ಹೋಟೆಲಿನ ಕಾರಿಡಾರುಗಳನ್ನು ಇಂದಿಗೂ ಚೌಕಟ್ಟು ಚೌಕಟ್ಟಾಗಿ ಶೋಧಿಸುವವರಿದ್ದಾರೆ. ನಮ್ಮಲ್ಲೇ 2018ರ ‘ತುಂಬಾಡ್’ ಮೊದಲ ಸಲ ಹೆಚ್ಚು ಓಡದೆ, 2024ರ ಮರುಬಿಡುಗಡೆಯಲ್ಲಿ ಮೊದಲಿಗಿಂತ ಹೆಚ್ಚು ಗಳಿಸಿತು.

ಭಾರತದ ಚಿತ್ರಮಂದಿರದಲ್ಲಿ ಈ ಬಗೆಯ ಚಿತ್ರಕ್ಕೆ ಇನ್ನೊಂದು ಅಡ್ಡಿಯಿದೆ: ಮಧ್ಯಂತರ. ವಿರಾಮಕ್ಕೆಂದು ಬರೆಯದ ಹೊರದೇಶದ ಚಿತ್ರವನ್ನೂ ನಮ್ಮ ಮಲ್ಟಿಪ್ಲೆಕ್ಸ್‌ಗಳು ನಡುವೆ ತುಂಡರಿಸುತ್ತವೆ. ಒಂದು ತಾಸು ಕಷ್ಟಪಟ್ಟು ಕತ್ತಲಿಗೆ ಹೊಂದಿಸಿದ ಕಣ್ಣಿನ ಮುಂದೆ ದೀಪ ಹತ್ತಿ ಜಾಹೀರಾತು ಶುರುವಾಗುತ್ತದೆ, ಪಾಪ್‌ಕಾರ್ನ್ ಬರುತ್ತದೆ. ಮತ್ತೆ ಕತ್ತಲಾದಾಗ ಭಯವನ್ನು ಮೊದಲಿಂದ ಕಟ್ಟಬೇಕು. ರಾಹುಲ್ ಸದಾಶಿವನ್ ಅವರ ಮಲಯಾಳಂ ಚಿತ್ರ ‘ಭೂತಕಾಲಂ’ 2022ರಲ್ಲಿ ನೇರವಾಗಿ ಒಟಿಟಿಗೆ ಬಂದು ಈ ಕತ್ತರಿಯಿಂದ ಪಾರಾಯಿತು. ಖಿನ್ನತೆಯ ತಾಯಿಯಾಗಿ ರೇವತಿ, ಕೆಲಸ ಸಿಗದ ಮಗನಾಗಿ ಶೇನ್ ನಿಗಮ್. ಬಹುಪಾಲು ಚಿತ್ರ ಅವರಿಬ್ಬರ ಜಗಳ, ಸಾಲ, ನಿದ್ದೆಗೆಟ್ಟ ರಾತ್ರಿಗಳು. ನೆಂಟರು ಮಗನಿಗೆ ಮನೋರೋಗವೆನ್ನುತ್ತಾರೆ, ನಾವೂ ಹಾಗೇ ನಂಬತೊಡಗುತ್ತೇವೆ, ಮನೆಯ ಮೂಲೆಗಳನ್ನು ನೋಡುವುದನ್ನು ಮಾತ್ರ ಬಿಡುವುದಿಲ್ಲ. ರೇವತಿಯವರಿಗೆ ಕೇರಳ ರಾಜ್ಯ ಪ್ರಶಸ್ತಿ ಬಂತು. ಆದರೆ ನೂರಾರು ಜನ ಒಟ್ಟಿಗೆ ಉಸಿರು ಬಿಗಿಹಿಡಿಯುವ ಅನುಭವ ಆ ಚಿತ್ರಕ್ಕೆ ಸಿಗಲಿಲ್ಲ. ಅದೇ ನಿರ್ದೇಶಕರು 2024ರಲ್ಲಿ ‘ಭ್ರಮಯುಗಂ’ ತಂದರು: ಪೂರ್ತಿ ಕಪ್ಪು-ಬಿಳುಪು, ಒಂದು ಹಾಳುಬಿದ್ದ ಮನೆ, ಬೆರಳೆಣಿಕೆಯ ಪಾತ್ರಗಳು. ಮಮ್ಮೂಟ್ಟಿ ಇದ್ದರು ನಿಜ, ಆದರೆ ಅವರನ್ನು ನಾಯಕನಾಗಿ ತೋರಿಸುವ ಒಂದು ಚಿತ್ರಿಕೆಯೂ ಅದರಲ್ಲಿರಲಿಲ್ಲ. ಜನ ಚಿತ್ರಮಂದಿರಕ್ಕೆ ಬಂದು ಕೂತು ನೋಡಿ ಗೆಲ್ಲಿಸಿದರು. ನಿಧಾನದ ದೆವ್ವಕ್ಕೆ ನಮ್ಮ ಜನ ಕೂರುವುದಿಲ್ಲ ಎಂದು ಹಾಡು, ಹಾಸ್ಯ ಬೆರೆಸದೆ ಭಯದ ಕಥೆ ಹೇಳಲು ಹಿಂಜರಿಯುವ ಕನ್ನಡದ ನಿರ್ಮಾಪಕರಿಗೆ ಪಕ್ಕದ ರಾಜ್ಯದ ಈ ಗೆಲುವು ಕಣ್ಣೆದುರಿಗೇ ಇದೆ.