ಉಪಗ್ರಹದ ಲೆಕ್ಕವೂ ಗಾಳಿಯ ನಿಜಸ್ಥಿತಿಯೂ

ವಾಯುಮಾಲಿನ್ಯದ ವಿಚಾರದಲ್ಲಿ ಕೃತಕ ಉಪಗ್ರಹಗಳು ಒದಗಿಸುವ ಮಾಹಿತಿಯನ್ನು ಪ್ರಮಾಣವೆಂದು ಸ್ವೀಕರಿಸುವ ವಾಡಿಕೆ ಈಚೆಗೆ ಬಲವಾಗಿ ಬೇರೂರಿದೆ. ನೆಲದ ಮೇಲಿನ ಮಾಪನಕೇಂದ್ರಗಳು ವಿರಳವಾಗಿರುವ ನಮ್ಮಂತಹ ವಿಶಾಲ ದೇಶಕ್ಕೆ ಇದರಿಂದ ಆಗಿರುವ ಉಪಕಾರ ಅಲ್ಪವಲ್ಲ. ಆದರೆ ಉಪಕರಣವು ಏನನ್ನು ಕಂಡಿತೆಂಬುದರೊಡನೆ ಏನನ್ನು ಕಾಣಲಾರದೆಂಬುದನ್ನೂ ವಿಚಾರಿಸದೆ ತೀರ್ಮಾನಕ್ಕೆ ಬರುವುದು ಶಾಸ್ತ್ರೀಯ ಮಾರ್ಗವಲ್ಲ. ಪಂಜಾಬಿನಲ್ಲಿ ಭತ್ತದ ಕೂಳೆಯನ್ನು ಸುಡುವ ಪ್ರಕರಣಗಳ ಗಣನೆಯನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರಿಶೀಲಿಸಬಹುದು.

ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಕೊನೆಯವರೆಗೆ ಅಲ್ಲಿ ದಾಖಲಾದ ಪ್ರಕರಣಗಳು 2022ರಲ್ಲಿ 49,922, 2023ರಲ್ಲಿ 36,663, 2024ರಲ್ಲಿ 10,909. ಎರಡೇ ವರ್ಷಗಳಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಇಳಿದಂತಾಯಿತು. ಕೂಳೆಯನ್ನು ನಿರ್ವಹಿಸುವ ಯಂತ್ರಗಳಿಗೆ 2018ರಿಂದ ದೊರೆಯುತ್ತಿರುವ ಸಹಾಯಧನದ ಫಲವಾಗಿ ಬೆಂಕಿ ಕೊಂಚಮಟ್ಟಿಗೆ ನಿಜವಾಗಿಯೂ ಇಳಿದಿದೆ ಎಂದು ನಂಬಲು ಅಡ್ಡಿಯಿಲ್ಲ. ಇಳಿಕೆಯೆಲ್ಲವೂ ನಿಜವೇ ಎಂಬುದು ಬೇರೆ ಪ್ರಶ್ನೆ.

ಈ ಗಣನೆಗೆ ಮುಖ್ಯ ಆಧಾರವಾದ ಮೋಡಿಸ್ ಮತ್ತು ವಿಐಐಆರ್‌ಎಸ್ ಎಂಬ ಉಪಕರಣಗಳನ್ನು ಹೊತ್ತ ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತತಕ್ಕವು. ಹಗಲಿನಲ್ಲಿ ಅವುಗಳ ಮುಖ್ಯ ದರ್ಶನ ಮಧ್ಯಾಹ್ನ ಸುಮಾರು ಒಂದೂವರೆ ಗಂಟೆಯ ಆಸುಪಾಸಿನದು. ಹುಲ್ಲಿನ ಬೆಂಕಿಯಾದರೋ ಹೆಚ್ಚು ಹೊತ್ತು ಉರಿಯುವುದಲ್ಲ. ನಾಲ್ಕು ಗಂಟೆಗೆ ಹೊತ್ತಿಕೊಂಡು ಸಂಜೆಯೊಳಗೆ ಆರಿದ ಬೆಂಕಿ ಈ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ. ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಕೆಲಸಮಾಡುವ ವಿಜ್ಞಾನಿ ಹಿರೇನ್ ಜೇಠ್ವಾ ಅವರು 2024ರಲ್ಲಿ ಎತ್ತಿ ತೋರಿಸಿದ್ದು ಈ ಅಂಶವನ್ನೇ. ದಕ್ಷಿಣ ಕೊರಿಯದ ಜಿಯೋ-ಕಾಂಪ್‌ಸ್ಯಾಟ್-2ಎ ಎಂಬ ಭೂಸ್ಥಿರ ಉಪಗ್ರಹ ಹತ್ತು ನಿಮಿಷಕ್ಕೊಮ್ಮೆ ಚಿತ್ರ ತೆಗೆಯುತ್ತದೆ; ಆ ಚಿತ್ರಗಳಲ್ಲಿ ಹೊಗೆಯ ಮೋಡಗಳು ಮೇಲೇಳುವುದು ಧ್ರುವಗಾಮಿ ಉಪಗ್ರಹಗಳು ದಾಟಿಹೋದ ಮೇಲೆ.

ಹಾಗೆಂದು ಭೂಸ್ಥಿರ ಉಪಗ್ರಹವೇ ಸರ್ವಸಾಕ್ಷಿಯೆಂದು ಹೇಳುವಂತಿಲ್ಲ. ವಿಐಐಆರ್‌ಎಸ್ ಉಪಕರಣದ ಒಂದು ಚಿತ್ರಬಿಂದು ನೆಲದ ಮೇಲೆ 375 ಮೀಟರ್ ಚದರ, ಅಂದರೆ ಸುಮಾರು 14 ಹೆಕ್ಟೇರ್. ಕೊರಿಯದ ಉಪಗ್ರಹದ ಅತಿಗೆಂಪು ಬಿಂದುವಾದರೋ 2 ಕಿಲೋಮೀಟರ್ ಚದರ. ಸಣ್ಣ ಹೊಲದ ಬೆಂಕಿ ಅದರಲ್ಲಿ ಕರಗಿಹೋಗುತ್ತದೆ. ಒಂದು ಸೂಕ್ಷ್ಮವಾಗಿ ನೋಡಿ ಹೊತ್ತನ್ನು ಕಳೆದುಕೊಳ್ಳುತ್ತದೆ. ಇನ್ನೊಂದು ಹೊತ್ತನ್ನು ಹಿಡಿದು ಸೂಕ್ಷ್ಮವನ್ನು ಬಿಟ್ಟುಕೊಡುತ್ತದೆ. ಆದುದರಿಂದ ಬೆಂಕಿಯ ಎಣಿಕೆಯೊಡನೆ ಸುಟ್ಟ ನೆಲದ ವಿಸ್ತೀರ್ಣವನ್ನೂ ಅಳೆಯುವುದು ಅವಶ್ಯ. ಬೆಂಕಿ ಆರಿದರೂ ಕರಿನೆಲ ಕೆಲವು ದಿನ ಉಳಿಯುತ್ತದೆ. ಆ ಅಳತೆ ಎಣಿಕೆಯಷ್ಟು ಕಡಿದಾದ ಇಳಿಕೆಯನ್ನು ತೋರಿಸುವುದಿಲ್ಲವೆಂಬುದು ಗಮನಾರ್ಹ.

ಈ ವಾದದ ಎದುರು ಪಕ್ಷವೂ ಎಚ್ಚರ ತಪ್ಪಬಾರದು. 2024ರ ನವೆಂಬರಿನಲ್ಲಿ ದೆಹಲಿಯ ವಾಯುಗುಣ ಸೂಚ್ಯಂಕ 450ನ್ನು ಮೀರಿತೆಂಬುದರಿಂದಲೇ ಪಂಜಾಬಿನ ಬೆಂಕಿ ಇಳಿದಿಲ್ಲವೆಂದು ಸಾಧಿಸಲಾಗದು. ವಾಹನ, ಕಾರ್ಖಾನೆ, ರಸ್ತೆಯ ಧೂಳು, ಚಳಿಗಾಲದಲ್ಲಿ ನೆಲಕ್ಕೆ ಅಮರಿ ನಿಲ್ಲುವ ಗಾಳಿಯ ಪದರ, ಇವೆಲ್ಲವೂ ಆ ಅಂಕಿಯಲ್ಲಿ ಸೇರಿವೆ.

ಇದು ಕೇವಲ ಅಳತೆಯ ಜಗಳವಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಕೂಳೆ ಸುಟ್ಟವರ ಮೇಲಿನ ದಂಡವನ್ನು ಇಮ್ಮಡಿಸಿತು: ಎರಡು ಎಕರೆಗಿಂತ ಕಡಮೆ ನೆಲವುಳ್ಳವನಿಗೆ 5,000 ರೂಪಾಯಿ, ಐದು ಎಕರೆ ಮೀರಿದವನಿಗೆ 30,000 ರೂಪಾಯಿ. ಒಂದು ಗಂಟೆಗೆ ಸುಟ್ಟವನು ಸಿಕ್ಕಿಬಿದ್ದು ನಾಲ್ಕು ಗಂಟೆಗೆ ಸುಟ್ಟವನು ಪಾರಾದರೆ, ದಂಡ ಬಿದ್ದದ್ದು ಹೊಗೆಗೆ ಅಲ್ಲ, ಹೊತ್ತಿಗೆ. ಅಂತರ್ಜಲವನ್ನು ಉಳಿಸಲು 2009ರ ಕಾನೂನು ಭತ್ತದ ನಾಟಿಯನ್ನು ಮುಂದೂಡಿದಾಗ, ಕೊಯ್ಲಿಗೂ ಗೋಧಿಯ ಬಿತ್ತನೆಗೂ ನಡುವೆ ರೈತನಿಗೆ ಉಳಿದದ್ದು ಕೆಲವೇ ವಾರಗಳು. ಆ ಇಕ್ಕಟ್ಟನ್ನು ಯಾವ ಉಪಗ್ರಹವೂ ಚಿತ್ರಿಸದು.

ಎಣಿಕೆಯನ್ನೇ ಗುರಿಯಾಗಿ ಮಾಡಿದೊಡನೆ ಜನ ಎಣಿಕೆಗೆ ತಕ್ಕಂತೆ ನಡೆಯುತ್ತಾರೆ. ಅಲ್ಲಿಗೆ ಎಣಿಕೆ ತನ್ನ ಸಾಕ್ಷ್ಯಬಲವನ್ನು ಕಳೆದುಕೊಳ್ಳುತ್ತದೆ. ಭೂಸ್ಥಿರ ದರ್ಶನ, ಸುಟ್ಟ ನೆಲದ ಅಳತೆ, ಹೊಲಕ್ಕೆ ಹೋಗಿ ನೋಡಿದ ವರದಿ, ಈ ಮೂರೂ ಒಂದನ್ನೊಂದು ಒಪ್ಪಿದಾಗ ಮಾತ್ರ ಇಳಿಕೆಯನ್ನು ಇಳಿಕೆಯೆಂದು ಕರೆಯುವುದು ನ್ಯಾಯ. ಉಪಗ್ರಹದ ಅಂಕಿಗಳನ್ನು ಬಳಸುವ ವಿದ್ಯಾರ್ಥಿ, ಅಂಕಿಗೆ ಮೊದಲು ಅದು ಯಾವ ಗಂಟೆಯದೆಂದು ಕೇಳುವುದನ್ನು ಅಭ್ಯಾಸಮಾಡಿಕೊಳ್ಳಬೇಕು.