ಅದತ್ತಾದಾನವೂ ಅಂತರ್ಜಾಲ ಪ್ರಸಾರವೂ

2018ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವನ್ನು ಓಕಳಿಪುರದ ಶ್ರಾವಕರು ಮನೆಯಲ್ಲಿ ಕುಳಿತೇ ನೋಡಬಹುದಾಗಿತ್ತು. ಅಂತರ್ಜಾಲ ಪ್ರಸಾರದಲ್ಲಿ ದೃಶ್ಯವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿಸಿ, ಸಂಪರ್ಕದ ವೇಗಕ್ಕೆ ತಕ್ಕ ಸ್ಪಷ್ಟತೆಯಲ್ಲಿ ಕಳುಹಿಸುವುದು ರೂಢಿ. ಈಗ ಸಂಶೋಧಕರು ಮತ್ತೊಂದು ಅಳತೆಯನ್ನು ಸೇರಿಸಲು ಯತ್ನಿಸುತ್ತಿದ್ದಾರೆ. ನೋಡುಗನ ನಾಡಿಬಡಿತ, ಚರ್ಮದ ಬೆವರು, ಕಣ್ಣಿನ ಚಲನೆಗಳಿಂದ ಅವನ ತೃಪ್ತಿಯನ್ನು ಊಹಿಸಿ ಸ್ಪಷ್ಟತೆಯನ್ನು ಬದಲಿಸುವುದು ಅವರ ಉದ್ದೇಶ.

ಇದರಲ್ಲಿ ಗುಣವೇ ಇಲ್ಲವೆಂದಲ್ಲ. ನೋಡದಿರುವಾಗ ಸ್ಪಷ್ಟತೆ ತಗ್ಗಿದರೆ ವಿದ್ಯುತ್ತು ಉಳಿಯುತ್ತದೆ. ಮಿತವ್ಯಯ ನಮಗೂ ಪ್ರಿಯವೇ. ಆದರೆ ಬಾಹುಬಲಿ ಸ್ವಾಮಿಯ ಶಿರದಿಂದ ಹಾಲು ಇಳಿಯುವಾಗ ಭಕ್ತಿಯಿಂದ ಏರುವ ನಾಡಿಯನ್ನೂ, ಚಿತ್ರ ತಡೆದಾಗ ಅಸಹನೆಯಿಂದ ಏರುವ ನಾಡಿಯನ್ನೂ ಯಂತ್ರ ಹೇಗೆ ಬೇರ್ಪಡಿಸೀತು? ಕಣ್ಮುಚ್ಚಿ ಧ್ಯಾನಿಸುವವನು ಅದಕ್ಕೆ ನಿದ್ರಿಸುವವನಂತೆಯೇ ತೋರಬಹುದು.

ಇದಕ್ಕಿಂತ ಗುರುತರವಾದುದು ಅಚೌರ್ಯದ ಪ್ರಶ್ನೆ. ಕೊಡದುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ. ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಶ್ರಾವಕನಿಗಾದರೋ ಅದಕ್ಕೂ ಮುನ್ನವೇ ಅಣುವ್ರತವಿದೆ. ಅಭಿಷೇಕವನ್ನು ಪ್ರಸಾರ ಮಾಡುವ ಬಸದಿಯ ಟ್ರಸ್ಟುಗಳು ಸ್ಪಷ್ಟತೆಯ ಆಯ್ಕೆಯನ್ನು ನೋಡುಗರಿಗೇ ಬಿಡಲಿ. ಕೇಳದೆ ನಾಡಿ ಹಿಡಿಯುವ ಸೇವೆಯನ್ನು ಒಪ್ಪದಿರಲಿ.