ಅನುಭವದ ಓದು, ಶಾಸ್ತ್ರದ ಓದು: ಪಂಡಿತಾ ರಮಾಬಾಯಿಯವರ ಮಾದರಿಯ ವಿಮರ್ಶೆ

ಸ್ತ್ರೀವಾದವನ್ನು ಕುರಿತು ದೈವಜ್ಞಾನ ವಿದ್ಯಾರ್ಥಿಗಳು ಬರೆಯುವ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಗಳು ಕಾಣುತ್ತವೆ. ಮೊದಲನೆಯದರಲ್ಲಿ ಮನೆಯ, ಊರಿನ, ಸಭೆಯ ಅನುಭವ ತುಂಬಿರುತ್ತದೆ. ಆದರೆ ಅದನ್ನು ವಾಕ್ಯದೊಡನೆ ಒರೆಹಚ್ಚುವ ಕ್ರಮವಿರುವುದಿಲ್ಲ. ಎರಡನೆಯದರಲ್ಲಿ ಪಾಶ್ಚಾತ್ಯ ವಿದ್ವಾಂಸರ ಪರಿಭಾಷೆ ಧಾರಾಳವಾಗಿರುತ್ತದೆ. ಬರೆದವರು ಯಾವ ನೆಲದವರೆಂಬುದು ಮಾತ್ರ ತಿಳಿಯುವುದಿಲ್ಲ. ನ್ಯಾಮತಿ ಸೀಮೆಯ ಮೆಕ್ಕೆಜೋಳದ ಹೊಲದಲ್ಲಿ ಕೂಲಿಮಾಡುವ ಕುಟುಂಬದಿಂದ ಬಂದು ಹೀಬ್ರೂ ಅಕ್ಷರ ಕಲಿಯುವ ವಿದ್ಯಾರ್ಥಿನಿಗೆ ಇವೆರಡೂ ಸಾಲವು. ಮೊದಲನೆಯದು ಅವಳನ್ನು ಸಾಕ್ಷಿ ಹೇಳುವವಳನ್ನಾಗಿ ಮಾತ್ರ ಉಳಿಸುತ್ತದೆ. ಎರಡನೆಯದು ಅವಳ ಸಾಕ್ಷಿಯನ್ನೇ ಕಸಿದುಕೊಳ್ಳುತ್ತದೆ.

ಈ ಎರಡನ್ನೂ ಕೂಡಿಸಿದ ಮಾದರಿ ದೂರದಲ್ಲಿಲ್ಲ. ಪಂಡಿತಾ ರಮಾಬಾಯಿಯವರು 1858ರಲ್ಲಿ ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಅಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆಯರೇ ಕೂಡಲಿಯಲ್ಲಿ ಸಂಗಮಿಸಿ ಹೊನ್ನಾಳಿ ಸೀಮೆಯತ್ತ ಹರಿಯುತ್ತಾರೆ. ಹೆಂಡತಿಗೆ ಸಂಸ್ಕೃತ ಕಲಿಸಿದ ಕಾರಣಕ್ಕೆ ಸ್ವಜನರ ವಿರೋಧವನ್ನು ಎದುರಿಸಿದ ಅನಂತಶಾಸ್ತ್ರಿ ಡೋಂಗ್ರೆಯವರು ತಂದೆ. ಮಗಳಿಗೆ ಆ ವಿದ್ಯೆಯನ್ನು ಧಾರೆಯೆರೆದವರು ತಾಯಿ ಲಕ್ಷ್ಮೀಬಾಯಿ. ಬರಗಾಲದಲ್ಲಿ ತಂದೆತಾಯಿಯರನ್ನೂ, 1882ರಲ್ಲಿ ಗಂಡನನ್ನೂ ಕಳೆದುಕೊಂಡ ರಮಾಬಾಯಿಯವರು 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಹೊಂದಿದರು. ಅನಂತರ ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಕಲಿಯುತ್ತಲೇ ಸಂಸ್ಕೃತ ಕಲಿಸಿದರು.

ನಮ್ಮ ವಿಚಾರಕ್ಕೆ ಮುಖ್ಯವಾದದ್ದು ಈ ವಿದ್ಯಾರ್ಥಿದೆಸೆ. ತ್ರಯೈಕತ್ವದ ಬೋಧನೆಯನ್ನು ಕುರಿತು, ಸಭೆಯ ಅಧಿಕಾರವನ್ನು ಕುರಿತು ಅವರು ತಮ್ಮ ಗುರುಸ್ಥಾನದಲ್ಲಿದ್ದ ಸಿಸ್ಟರ್ ಜೆರಾಲ್ಡಿನ್ ಮುಂತಾದವರೊಡನೆ ಪತ್ರಗಳಲ್ಲಿ ವಾದಿಸಿದರು. ಪುರುಷರಿಗೆ ಅವರು ಪಾಠ ಹೇಳುವುದನ್ನು ಬಿಷಪರು ಆಕ್ಷೇಪಿಸಿದಾಗ ಸುಮ್ಮನೆ ತಲೆಬಾಗಲಿಲ್ಲ. ಒಂದು ಪುರೋಹಿತಶಾಹಿಯಿಂದ ಬಿಡಿಸಿಕೊಂಡ ಮನಸ್ಸಾಕ್ಷಿಯನ್ನು ಇನ್ನೊಂದಕ್ಕೆ ಒಪ್ಪಿಸಲು ಅವರು ಸಿದ್ಧರಿರಲಿಲ್ಲ. ಆದರೂ ಅವರ ಪ್ರತಿಭಟನೆ ಪ್ರತಿಭಟನೆಯಲ್ಲಿಯೇ ನಿಲ್ಲಲಿಲ್ಲ. ಮುಂದೆ ಹೀಬ್ರೂ, ಗ್ರೀಕ್ ಭಾಷೆಗಳನ್ನು ಅಭ್ಯಸಿಸಿ, ಸಾಮಾನ್ಯ ಸ್ತ್ರೀಯರಿಗೂ ತಿಳಿಯುವ ಮರಾಠಿಯಲ್ಲಿ ಇಡೀ ಸತ್ಯವೇದವನ್ನು ಅನುವಾದಿಸಿದರು. 1922ರಲ್ಲಿ ಅವರು ತೀರಿಕೊಂಡ ಬಳಿಕ, 1924ರಲ್ಲಿ, ಅದು ಪ್ರಕಟವಾಯಿತು.

ಈ ಮಾದರಿಯನ್ನೂ ವಿಮರ್ಶೆಯಿಲ್ಲದೆ ಸ್ವೀಕರಿಸಲಾಗದು. 1887ರ ಅವರ ಪ್ರಸಿದ್ಧ ಇಂಗ್ಲಿಷ್ ಕೃತಿ ತನ್ನ ಶೀರ್ಷಿಕೆಯಲ್ಲಿಯೇ ಮೇಲ್ಜಾತಿಯ ಹಿಂದೂ ಸ್ತ್ರೀಯನ್ನು ವಿಷಯವಾಗಿ ಗೊತ್ತುಮಾಡಿಕೊಂಡಿದೆ. ಬಾಲವೈಧವ್ಯ, ವಿದ್ಯಾನಿಷೇಧಗಳು ಅಲ್ಲಿನ ಕೇಂದ್ರ ನೋವುಗಳು. ಹೊಲದ ದುಡಿಮೆ, ಅಸ್ಪೃಶ್ಯತೆಗಳು ಕೇಂದ್ರವಲ್ಲ. 1896ರ ಬಳಿಕ ಬರಗಾಲದ ಸಂತ್ರಸ್ತೆಯರು ಅವರ ಆಶ್ರಯಕ್ಕೆ ಬಂದಾಗ ಸೇವೆಯ ವ್ಯಾಪ್ತಿ ಹಿಗ್ಗಿತು. ಆದರೂ ದಲಿತ ಅಥವಾ ಲಂಬಾಣಿ ವಿದ್ಯಾರ್ಥಿನಿ ಆ ಕೃತಿಯಲ್ಲಿ ತನ್ನ ತಾಯಿಯನ್ನು ಹುಡುಕಿದರೆ ಕಾಣಲಾರಳು. ಆದುದರಿಂದ ರಮಾಬಾಯಿಯವರಿಂದ ಕಲಿಯಬೇಕಾದದ್ದು ಅವರ ವಿಷಯವನ್ನಲ್ಲ, ವಿಧಾನವನ್ನು: ನೋವಿನಿಂದ ಹುಟ್ಟಿದ ಪ್ರಶ್ನೆಯನ್ನು ಮೂಲಭಾಷೆಯವರೆಗೆ ಕೊಂಡೊಯ್ಯುವ ಛಲವನ್ನು.

ಆ ವಿಧಾನ ಕನ್ನಡದಲ್ಲಿ ಏನು ಮಾಡಬಲ್ಲದೆಂಬುದಕ್ಕೆ ಒಂದು ಉದಾಹರಣೆ ಸಾಕು. ನಮ್ಮ ಹಳೆಯ ಸತ್ಯವೇದದಲ್ಲಿ 'ದೇವರು' ಎಂಬ ಪದಕ್ಕೆ ಪುಲ್ಲಿಂಗ ಏಕವಚನದ ಕ್ರಿಯಾಪದ ಹತ್ತುತ್ತದೆ. ಇದು ಅನುವಾದಕರ ಪುರುಷಪಕ್ಷಪಾತವೆಂದು ಆತುರದಿಂದ ತೀರ್ಮಾನಿಸುವುದು ಸುಲಭ. ಆದರೆ ಆದಿಕಾಂಡದ ಮೊದಲ ವಚನದ ಹೀಬ್ರೂ ಕೂಡ ಬಹುವಚನರೂಪದ ನಾಮಪದಕ್ಕೆ ಪುಲ್ಲಿಂಗ ಏಕವಚನದ ಕ್ರಿಯೆಯನ್ನೇ ಕೊಡುತ್ತದೆ. ಅನುವಾದಕರು ಮೂಲವನ್ನು ಅನುಸರಿಸಿದ್ದಾರೆ. ನಿಜವಾದ ಪ್ರಶ್ನೆ ಎರಡನೆಯ ವಚನದಲ್ಲಿದೆ. ನೀರಿನ ಮೇಲೆ ಚಲಿಸುವ ದೇವರಾತ್ಮಕ್ಕೆ ಹೀಬ್ರೂವಿನಲ್ಲಿ ಸ್ತ್ರೀಲಿಂಗದ ಕ್ರಿಯಾರೂಪವಿದೆ. ಕನ್ನಡಕ್ಕೆ ಬರುವಾಗ ಮೊದಲ ವಚನದ ಪುಲ್ಲಿಂಗ ಉಳಿಯಿತು, ಎರಡನೆಯದರ ಸ್ತ್ರೀಲಿಂಗ ಅಳಿಯಿತು. ವ್ಯಾಕರಣದ ಲಿಂಗವೇ ದೇವರ ಲಿಂಗವಲ್ಲ. ಹೊಸ ಕನ್ನಡ ಅನುವಾದವು 'ದೇವರು' ಎಂಬುದಕ್ಕೆ ಗೌರವದ ಬಹುವಚನವನ್ನು ಬಳಸಿರುವುದೂ ಈ ಅರಿವಿಗೆ ಅನುಕೂಲವೇ. ಆದರೆ ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂದು ಕೇಳುವ ಕಿವಿ, ಮನೆಯಲ್ಲಿ ತನ್ನ ಹೆಸರು ಅಳಿದದ್ದನ್ನು ಕಂಡವಳಿಗೆ ಬೇಗ ತೆರೆಯುತ್ತದೆ. ಇಲ್ಲಿ ಅನುಭವವು ಶಾಸ್ತ್ರಕ್ಕೆ ಅಡ್ಡಿಯಲ್ಲ, ದಾರಿ.

ಹಾಗೆಯೇ ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೆಯ ಅಧ್ಯಾಯದ ಫೊಯಿಬೆಯನ್ನು ಕುರಿತು ಪೌಲನು ಬಳಸುವ 'ದಿಯಾಕೊನೊಸ್' ಎಂಬ ಪದವನ್ನು, 1 ಕೊರಿಂಥ 3:5ರಲ್ಲಿ ತನಗೂ ಅಪೊಲ್ಲೋಸನಿಗೂ ಬಳಸಿದ್ದಾನೆ. ಒಂದೇ ಪದ ಪುರುಷನಲ್ಲಿ ಅಧಿಕಾರವಾಗಿಯೂ ಸ್ತ್ರೀಯಲ್ಲಿ ಊಳಿಗವಾಗಿಯೂ ಕೇಳಿಸುವುದಾದರೆ, ದೋಷ ಗ್ರೀಕಿನದಲ್ಲ, ಕೇಳುವವರದು.

ಈ ಚರ್ಚೆ ತರಗತಿಯ ಕಸರತ್ತಲ್ಲ. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆ ಮೊದಲ ಸ್ತ್ರೀಗೆ ಗುರುದೀಕ್ಷೆ ಕೊಟ್ಟದ್ದು 1976ರಲ್ಲಿ. ಮೊದಲ ಸ್ತ್ರೀ ಬಿಷಪ್ ಆಗಿ ಪುಷ್ಪಲಲಿತಾ ಅವರು ಅಭಿಷಿಕ್ತರಾದದ್ದು 2013ರಲ್ಲಿ. ಬಾಗಿಲು ತೆರೆದಿದೆ, ಆದರೆ ಒಳಗೆ ಬಂದವಳ ಉಪದೇಶವನ್ನು ದೇವರ ವಾಕ್ಯವೆಂದು ಕೇಳುವ ಅಭ್ಯಾಸ ಸಭೆಗೆ ಇನ್ನೂ ಬೇಕು. ವಿದ್ಯಾರ್ಥಿಯ ಪ್ರಬಂಧವನ್ನು ಅಳೆಯುವಾಗ ಗುರುಗಳು ಈ ಪ್ರಶ್ನೆಯನ್ನೂ ಕೇಳಲಿ: ಇದನ್ನು ಬರೆದವಳು ತನ್ನ ಊರಿನ ಸಭೆಯಲ್ಲಿ, ತನ್ನ ತಾಯಿಯ ಎದುರಿನಲ್ಲಿ, ತಾಯಿಗೆ ತಿಳಿಯುವ ಕನ್ನಡದಲ್ಲಿ ಇದನ್ನು ಸಾರಬಲ್ಲಳೇ? ಹೌದೆಂದಾದರೆ ಅವಳ ಸ್ತ್ರೀವಾದ ಅನುಭವವೂ ಆಗಿದೆ, ಶಾಸ್ತ್ರವೂ ಆಗಿದೆ, ಸುವಾರ್ತೆಯೂ ಆಗಿದೆ.